ಒಂಬತ್ತು ಭರಣಿಗಳು

ಇವತ್ತು ಯಾರಾದರೂ ತನ್ನನ್ನು ಬಯ್ಯಲಿ ಎಂದು ಎದ್ದಾಗಿನಿಂದ ಉಡಚಪ್ಪನಿಗೆ ಅನ್ನಿಸುತ್ತಿತ್ತು. ಹೆಂಡತಿ ಕಸ್ತೂರೆವ್ವ ಬಡಿದ ರೊಟ್ಟಿ ಎಲ್ಲೂ ಹರಿಯದೆ, ಎಲ್ಲೂ ಕರಕಾಗದೆ ಬಂದಿತ್ತು. ಆದರೂ ಅವನು ಅದನ್ನು ತಾಟಿನ ಅಂಚಿಗೆ ಸರಿಸಿ, ‘ಇದನ್ನ ನಾಯಿಗೆ ಹಾಕು’ ಎಂದ. ಅವಳು ಒಲೆಯ ಮುಂದಿನಿಂದ ಕತ್ತೆತ್ತದೆ, ‘ನಿಮ್ಮ ಮಾರಿ ನೋಡಿ ನಾಯಿ ಆಗಳೇ ಓಡಿಹೋತು. ನೀವ ತಿನ್ರಿ’ ಎಂದಳು. ಅವನಿಗೆ ಬೇಕಾಗಿದ್ದು ಅದಲ್ಲ. ತಾನು ತಾಟು ತೂರಬೇಕು, ಅವಳು ಚೀರಬೇಕು, ಪಕ್ಕದವರು ಗೋಡೆಯ ಮೇಲಿಂದ ಇಣುಕಬೇಕು, ಆಮೇಲೆ ತಾನು ಧೋತರ ಕೊಡವಿ ಎದ್ದು ಹೋಗಬೇಕು. ಹಾಗೆ ಎಷ್ಟೋ ಸಲ ಆಗಿದೆ. ಆದ ಮೇಲೆ ಮೈ ಹಗುರಾಗಿ ಕಾಲೇಜಿನ ದಾರಿ ಸಣ್ಣದಾಗಿದೆ. ಈ ಎರಡು ತಿಂಗಳಿಂದ ಮಾತ್ರ ಸಿಟ್ಟು ಎದೆಯ ತನಕ ಬರುತ್ತದೆ, ಅಲ್ಲಿ ಏನನ್ನೋ ಕಂಡು ನಾಚಿಕೊಂಡು ಮರಳಿ ಇಳಿಯುತ್ತದೆ. ‘ಏನಾಗೇತಿ ಹೇಳಬಾರದೇನ? ದಸರಾದಿಂದ ನೋಡಾಕತ್ತೇನಿ, ಉಂಡ ಕೂಳು ಮೈಗೆ ಹತ್ತವಲ್ದು’ ಎಂದಳು ಅವಳು. ‘ನಿನ್ನ ಅಡಿಗಿ ಹಂಗ ಐತಿ’ ಎಂದ. ಅವಳು ನಕ್ಕಳು. ಇಪ್ಪತ್ತೆರಡು ವರ್ಷ ಇದೇ ಅಡಿಗೆ ಉಂಡು ಬೆಳೆಸಿದ ಹೊಟ್ಟೆ ಅವನ ಮುಂದೆಯೇ ಇತ್ತು. ಅವನು ರೊಟ್ಟಿ ಮುರಿದು, ನೀರು ಕುಡಿದು, ಅದನ್ನು ಗಂಟಲಲ್ಲಿ ನೂಕಿದ.

ಲಕಮನಹಳ್ಳಿಯಿಂದ ಗುಡ್ಡದ ಮೇಲಿನ ಕಾಲೇಜಿಗೆ ಮುಕ್ಕಾಲು ತಾಸಿನ ದಾರಿ. ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು. ಚಳಿಗೆ ಅವನ ಕಿವಿ ನೋಯುತ್ತಿದ್ದವು. ಹತ್ತಿ ಹೇರಿಕೊಂಡು ಹುಬ್ಬಳ್ಳಿ ಕಡೆ ಹೊರಟ ಚಕ್ಕಡಿಗಳು ಸಾಲಾಗಿ ಎದುರಿಗೆ ಬಂದವು. ಗಾಡಿಯವರು ಕಂಬಳಿಯೊಳಗೆ ಮುದುಡಿ ಕೂತಿದ್ದರು, ಎತ್ತುಗಳು ತಾವೇ ನಡೆಯುತ್ತಿದ್ದವು. ಹೆಬ್ಬಳ್ಳಿಯ ತನ್ನ ಹೊಲವನ್ನು ತಮ್ಮನಿಗೆ ಬಿಟ್ಟು ಈ ನೌಕರಿಗೆ ಬಂದಾಗ ಊರವರು, ‘ಸತ್ತ ಹುಳ ಕಾಯಾಕ ಸರಕಾರ ಪಗಾರ ಕೊಡತೈತೇನಲೇ?’ ಎಂದು ನಕ್ಕಿದ್ದರು. ಕೊಡುತ್ತಿತ್ತು. ಪ್ರಾಣಿಶಾಸ್ತ್ರದ ಕೋಣೆಯಲ್ಲಿ ಇನ್ನೂರಾ ನಲವತ್ತು ಭರಣಿಗಳಿದ್ದವು. ಹಾವು, ಚೇಳು, ಬಸಿರೊಳಗಿನ ಮೊಲ, ಎರಡು ತಲೆಯ ಕರು. ಪ್ರತಿ ಶನಿವಾರ ಒಂದೊಂದರ ಮುಚ್ಚಳ ತೆಗೆದು, ಹಾರಿಹೋದಷ್ಟು ಸ್ಪಿರಿಟ್ ಹೊಯ್ದು, ಮೇಣ ಹಚ್ಚಿ ಮುಚ್ಚುವುದು ಅವನ ಕೆಲಸ. ಇನ್ನೂರಾ ಮೂವತ್ತೊಂದು ಭರಣಿಗಳ ಬಗ್ಗೆ ಅವನಿಗೆ ಚಿಂತೆಯಿರಲಿಲ್ಲ. ಉಳಿದ ಒಂಬತ್ತು ಅವನ ನಿದ್ದೆ ತಿಂದಿದ್ದವು.

ಆ ಒಂಬತ್ತು ಬಂದಿದ್ದು ಭೂಮಿಯ ತೆಂಕಣ ತುದಿಯ ಹಿಮದ ಸಮುದ್ರದಿಂದ. ಮೊದಲು ಇಲ್ಲಿ ಕಲಿಸುತ್ತಿದ್ದ ಸ್ಕಾಟ್ಲಂಡದ ಸಾಹೇಬನೊಬ್ಬ ನೌಕರಿ ಬಿಟ್ಟು, ತಿಮಿಂಗಿಲ ಹಿಡಿಯುವ ಹಡಗು ಹತ್ತಿದ್ದ. ಅವನು ಸಾವಿರದ ಒಂಬೈನೂರಾ ಇಪ್ಪತ್ತಾರನೇ ಇಸವಿಯಿಂದ ಮೂವತ್ತನಾಲ್ಕರ ತನಕ, ವರ್ಷಕ್ಕೊಂದು ಭರಣಿಯಂತೆ, ಅದೇ ಜಾಗದ ಅದೇ ಆಳದ ತಳದಿಂದ ಅದೇ ಜಾತಿಯ ಜೀವಗಳನ್ನು ಎತ್ತಿ ತನ್ನ ಹಳೆಯ ಗೆಳೆಯ, ಇಲ್ಲಿಯ ಪ್ರಾಧ್ಯಾಪಕ ರಮಾಕಾಂತರಾಯರಿಗೆ ಕಳಿಸಿದ್ದ. ಜೊತೆಗೆ ಒಂದು ಕಾಗದ: ಆ ವರ್ಷ ನೀರು ಎಷ್ಟು ತಣ್ಣಗಿತ್ತು ಎಂಬುದರ ಲೆಕ್ಕ. ಮೂವತ್ತೈದರಲ್ಲಿ ಸಾಹೇಬ ಹಡಗಿನಲ್ಲೇ ಸತ್ತ. ಜೀವಗಳು ನೋಡಲಿಕ್ಕೆ ಏನೂ ಅಲ್ಲ: ನಡುವೆ ಒಂದು ಬಿಲ್ಲೆ, ಸುತ್ತ ಹಾವಿನ ಮರಿಯಂಥ ಐದು ತೋಳು. ರಾಯರು ಅವಕ್ಕೆ ಸರ್ಪತಾರೆ ಎಂದು ಹೆಸರಿಟ್ಟಿದ್ದರು. ಹುಡುಗರಿಗೆ ಅವುಗಳ ಪಾಠ ಹೇಳುವಾಗ ಅವರ ದನಿ ತಗ್ಗುತ್ತಿತ್ತು. ‘ಅಲ್ಲೆ ತಿಂಗಳಗಟ್ಟಲೆ ಹೊತ್ತು ಹುಟ್ಟೂದಿಲ್ಲ. ಮ್ಯಾಲೆ ಬರ್ಫ ಕಟ್ಟತದ, ತಳಕ್ಕ ಒಂದು ತುತ್ತು ಬೀಳೂದಿಲ್ಲ. ಬರ್ಫದ ಗುಡ್ಡ ತಳಾ ಕೆರಕೋತ ಹೋಗತಾವ. ಇವು ಏನ್ ಮಾಡತಾವ? ಓಡಲಿಕ್ಕೆ ತೋಳ ಅವ, ಹೋಗಲಿಕ್ಕೆ ಜಾಗಾ ಇಲ್ಲ. ಉಸಿರು ಕಡಿಮಿ ಮಾಡತಾವ, ಹಸಿವಿ ಕಡಿಮಿ ಮಾಡತಾವ. ತೋಳ ಹರದರ ವರ್ಷಗಟ್ಟಲೆ ಕೂತು ಹೊಸಾದು ಬೆಳಸತಾವ. ಮರಿಗಳನ್ನ ನೀರಿಗೆ ಬಿಡೂದಿಲ್ಲ, ಮೈಯೊಳಗ ಇಟಗೋತಾವ.’ ಹುಡುಗರು ಆಕಳಿಸುತ್ತಿದ್ದರು. ಬಾಗಿಲಲ್ಲಿ ನಿಂತ ಉಡಚಪ್ಪನಿಗೆ ಮಾತ್ರ ಮೈ ಜುಮ್ಮೆನ್ನುತ್ತಿತ್ತು. ಬರ್ಫದ ಗುಡ್ಡ ಎಂದಾಗ ಅವನ ಕಣ್ಣಿಗೆ ಕಾಣುತ್ತಿದ್ದುದು ಎರೆ ಹೊಲದ ಮೇಲೆ ಎಳೆದ ದೊಡ್ಡದೊಂದು ಕುಂಟೆ, ಅದರ ಬಾಯಿಗೆ ಸಿಕ್ಕು ಮಗುಚಿ ಬಿದ್ದ ಸಣ್ಣ ಜೀವಗಳು.

ಇಂಥ ಮನುಷ್ಯ ತನ್ನನ್ನು ಹುಡುಗರ ಮುಂದೆ ಹಾಗೆ ಅನ್ನಬಾರದಿತ್ತು. ಹೋದ ಬೇಸಿಗೆಯಲ್ಲಿ ಏಡಿಯ ಭರಣಿ ಒಡೆದದ್ದು ಒಬ್ಬ ವಿದ್ಯಾರ್ಥಿಯ ಮೊಣಕೈ ತಾಗಿ. ರಾಯರು ನೋಡದೆ ಕೇಳದೆ, ‘ಎತ್ತು ಹೊಡಿಯೋ ಕೈಗೆ ಗಾಜು ಕೊಟ್ಟಿದ್ದು ನಂದ ತಪ್ಪು’ ಎಂದರು. ನಲವತ್ತು ಹುಡುಗರು ನಕ್ಕರು. ಮರುದಿನ ರಾಯರ ಮನೆಗೆ ಪುಸ್ತಕ ಒಯ್ದಾಗ ಅವರ ಹೆಂಡತಿ ಸುಲಭಾಬಾಯಿ ಹಿತ್ತಲ ಗೂಡಿನಲ್ಲಿ ಬೇರೆಯಾಗಿಟ್ಟ ಕಂಚಿನ ಲೋಟದಲ್ಲಿ ಚಹಾ ಕೊಟ್ಟರು. ‘ಕುಡದ ಮ್ಯಾಲೆ ತೊಳದು ಅಲ್ಲೇ ಇಡಪಾ’ ಎಂದರು. ಕೊಟ್ಟದ್ದು ಪ್ರೀತಿಯಿಂದಲೇ. ಅವನು ಚಹಾವನ್ನು ತುಳಸಿಯ ಬುಡಕ್ಕಲ್ಲ, ಬೇಕೆಂದೇ ಕಟ್ಟೆಯ ಮೇಲೆ ಚೆಲ್ಲಿ ಬಂದ. ಇನ್ನು ಈ ಜನದ ಮುಂದೆ ನನ್ನ ತಪ್ಪು ಎಂದು ಸತ್ತರೂ ಒಪ್ಪುವುದಿಲ್ಲ ಎಂದು ಅವತ್ತು ದಾರಿಯುದ್ದಕ್ಕೂ ಗೊಣಗಿದ್ದ. ಆಣೆ ಇಟ್ಟುಕೊಂಡದ್ದಲ್ಲ, ಗೊಣಗಿದ್ದು ಅಷ್ಟೆ. ಆದರೆ ಸಿಟ್ಟಿನ ಮನುಷ್ಯರು ಆಣೆ ಮುರಿದಾರು, ಗೊಣಗಿದ್ದನ್ನು ಮುರಿಯುವುದಿಲ್ಲ.

ಮಹಾನವಮಿಯ ಖಂಡೇಪೂಜೆಗೆ ಅವನು ವರ್ಷವೂ ಕೋಣೆಯ ಕತ್ತರಿ, ಚೂರಿ, ಸೂಕ್ಷ್ಮದರ್ಶಕಗಳನ್ನು ಒರೆಸಿ ವಿಭೂತಿ ಹಚ್ಚಿ ಚೆಂಡುಹೂವು ಏರಿಸುತ್ತಿದ್ದ. ಭರಣಿಗಳಿಗೆ ಎಂದೂ ಮಾಡಿದವನಲ್ಲ, ಅವು ಆಯುಧವಲ್ಲ. ಈ ವರ್ಷ ಸೂಟಿಗೆ ಪುಣೆಗೆ ಹೊರಟ ರಾಯರು ಬಾಗಿಲಲ್ಲಿ ನಿಂತು ಹೇಳಿದ್ದರು: ‘ಬಂದ ಕೂಡಲೇ ಅಳತಿ ಸುರು ಮಾಡಾವ. ಮಾರ್ಚದಾಗ ನನ್ನ ನೌಕರಿ ಮುಗೀತದ ಉಡಚಪ್ಪ. ನನ್ನ ಹತ್ತರ ಇರೂದು ಈ ಒಂಬತ್ತಽ.’ ಆ ದನಿ ಕೇಳಿ ಅವನಿಗೆ ಬೇಸಿಗೆಯ ಮಾತು ಮರೆತಂತಾಗಿ, ಈ ಒಂಬತ್ತಕ್ಕೂ ಪೂಜೆಯಾಗಲೇಬೇಕು ಎನ್ನಿಸಿತು. ಗಾಜು ಥಳಥಳಿಸಲಿ ಎಂದು ಒಂಬತ್ತನ್ನೂ ದೊಡ್ಡ ತೊಟ್ಟಿಯ ಬೆಚ್ಚನೆ ನೀರಿನಲ್ಲಿ ನಿಲ್ಲಿಸಿ, ಹೂವು ತರಲಿಕ್ಕೆ ಹೋದ. ಬಂದು ನೋಡಿದರೆ ಹಳೆಯ ಅಂಟು ಕರಗಿ, ಇಸವಿ ಬರೆದ ಒಂಬತ್ತು ಚೀಟಿಗಳೂ ನೀರಿನ ಮೇಲೆ ತೇಲುತ್ತಿದ್ದವು. ಅಕ್ಷರ ಅಳಿಸಿರಲಿಲ್ಲ. ಯಾವ ಚೀಟಿ ಯಾವ ಭರಣಿಯದು ಎಂಬುದು ಮಾತ್ರ ಆ ನೀರಿಗೇ ಗೊತ್ತು. ಅವನು ಕೈಯಲ್ಲಿ ಚೆಂಡುಹೂವು ಹಿಡಿದು ಎಷ್ಟೋ ಹೊತ್ತು ನಿಂತ. ರಾಯರಿಗೆ ಕಾಗದ ಬರೆಯಬಹುದಿತ್ತು; ಎತ್ತು ಹೊಡೆಯುವ ಕೈ ಎಂಬುದು ಕಿವಿಯಲ್ಲಿತ್ತು. ಚೀಟಿಗಳನ್ನು ಕಿಟಕಿಯಲ್ಲಿ ಒಣಗಿಸಿದ. ಭರಣಿಗಳನ್ನು ಬೆಳಕಿಗೆ ಹಿಡಿದು ನೋಡಿದ. ಒಂದರಲ್ಲಿ ಬಿಲ್ಲೆಗಳು ಸಣ್ಣವು, ಒಂದರಲ್ಲಿ ಚೂರು ದೊಡ್ಡವು, ಇನ್ನೊಂದರಲ್ಲಿ ಇನ್ನೂ ದೊಡ್ಡವು. ಕರುಗಳ ಹಿಂಡಿನಲ್ಲಿ ಯಾವುದು ಮೊದಲು ಹುಟ್ಟಿದ್ದು ಎಂದು ಕೇಳಿದರೆ ಹೆಬ್ಬಳ್ಳಿಯ ಯಾವ ಮಗುವೂ ಹೇಳೀತು. ವರ್ಷ ಹೋದಂತೆ ಜೀವ ಬೆಳೆಯುತ್ತದೆ. ಅವನು ಎಲ್ಲಕ್ಕಿಂತ ಸಣ್ಣದಕ್ಕೆ ಇಪ್ಪತ್ತಾರು, ಎಲ್ಲಕ್ಕಿಂತ ದೊಡ್ಡದಕ್ಕೆ ಮೂವತ್ತನಾಲ್ಕು ಎಂದು ಸಾಲಾಗಿ ಅಂಟಿಸಿದ. ಮೂರೆಳೆ ವಿಭೂತಿ ಎಳೆದ. ಸೂಟಿ ಮುಗಿಸಿ ಬಂದ ರಾಯರು ಅದನ್ನು ನೋಡಿ, ‘ಇವಕ್ಕೂ ಲಿಂಗದೀಕ್ಷಾ ಕೊಟ್ಟಿಯೇನೋ?’ ಎಂದು ಹೊಟ್ಟೆ ಹಿಡಿದು ನಕ್ಕರು. ಅವನೂ ನಕ್ಕ. ಹೇಳುವುದಿದ್ದರೆ ಆ ಗಳಿಗೆಯಲ್ಲಿ ಹೇಳಬೇಕಿತ್ತು.

ಮುಂದಿನ ಮೂರು ವಾರ ರಾಯರು ಚಿಮಟದಿಂದ ಒಂದೊಂದನ್ನೇ ಎತ್ತಿ ಬಿಲ್ಲೆ ಅಳೆದರು. ನಾಲ್ಕನೆಯ ದಿನದಿಂದ ಅವರು ಊಟಕ್ಕೆ ಮನೆಗೆ ಹೋಗುವುದನ್ನು ಬಿಟ್ಟರು. ಸಾಹೇಬನ ಕಾಗದಗಳ ಪ್ರಕಾರ ಆ ತಳದ ನೀರು ವರ್ಷದಿಂದ ವರ್ಷಕ್ಕೆ ಕೂದಲೆಳೆಯಷ್ಟು ಬೆಚ್ಚಗಾಗುತ್ತ ಬಂದಿತ್ತು. ಇಲ್ಲಿ ಭರಣಿಗಳಲ್ಲಿ ಜೀವಗಳೂ ವರ್ಷದಿಂದ ವರ್ಷಕ್ಕೆ, ಒಂದೂ ತಪ್ಪದೆ, ಮೆಟ್ಟಿಲು ಹತ್ತಿದಂತೆ ದೊಡ್ಡವಾಗಿದ್ದವು. ‘ನಿಸರ್ಗ ಇಷ್ಟು ಚೊಕ್ಕ ಇರತದ ಅಂತ ನನಗ ಗೊತ್ತಿರಲಿಲ್ಲೋ’ ಎಂದು ಅವರು ಉಡಚಪ್ಪನ ಹೆಗಲು ಹಿಡಿದು ಅಲ್ಲಾಡಿಸಿದರು. ಐವತ್ತೈದು ವರ್ಷದ ಆ ಮುಖದಲ್ಲಿ ಅಂಥ ಸಂತೋಷ ಅವನು ಕಂಡೇ ಇರಲಿಲ್ಲ. ಆ ಕೈ ಹೆಗಲ ಮೇಲಿದ್ದಾಗ ಅವನು ತನಗೆ ಹೇಳಿಕೊಂಡ: ನನ್ನ ಅಂದಾಜು ಖರೆಯೂ ಇರಬಹುದಲ್ಲ. ಸುಳ್ಳೆಂದು ಯಾರಿಗೆ ಗೊತ್ತು? ಎರಡು ತಿಂಗಳು ಅವನು ಆ ಒಂದು ಮಾತಿನ ಮೇಲೆ ಮಲಗಿ, ಅದರ ಮೇಲೆ ಎದ್ದಿದ್ದ.

ಇವತ್ತು ಕೋಣೆಗೆ ಕಾಲಿಟ್ಟಾಗ ಆ ಅಳತೆಗಳ ಮೇಲೆ ರಾಯರು ಬರೆದ ಪ್ರಬಂಧ ಕಂದು ಕಾಗದದಲ್ಲಿ ಸುತ್ತಿಕೊಂಡು ಮೇಜಿನ ಮೇಲೆ ಕೂತಿತ್ತು. ಮುಂಬಯಿಗೆ ಹೋಗುವುದು, ಅಲ್ಲಿಂದ ವಿಲಾಯತಿಗೆ. ಮಧ್ಯಾಹ್ನದ ಪಾಠ ಮುಗಿಸಿ ಬಂದ ರಾಯರು ಅದನ್ನು ಕೂಸಿನಂತೆ ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. ‘ರಜಿಸ್ಟರ್ ಮಾಡಿಸು. ನಾಕಕ್ಕ ಟಪಾಲ ಕಚೇರಿ ಖಿಡಕಿ ಮುಚ್ಚತದ. ಬ್ಯಾರೆ ಯಾರ ಕೈಯಾಗೂ ಕೊಡಬ್ಯಾಡ. ನಮ್ಮಾಕಿ ದೇವರ ಮುಂದ ಇಟ್ಟು ಅರಿಷಿಣಾ ಹಚ್ಯಾಳ, ಒರಸಬ್ಯಾಡ ಮತ್ತ.’ ಉಡಚಪ್ಪ ‘ಹೂಂರಿ’ ಎಂದ. ಬಯ್ಯಲಿಲ್ಲ ಇವರೂ, ಎಂದುಕೊಳ್ಳುತ್ತ ಗುಡ್ಡ ಇಳಿದ.

ಅರ್ಧ ದಾರಿಯಲ್ಲಿ ಕಟ್ಟಿನ ದಾರ ಸಡಿಲಾಯಿತು. ದಾರಿಬದಿಯ ಮೋರಿಯ ಮೇಲೆ ಕೂತು ಗಂಟು ಬಿಗಿಯಲು ನೋಡಿದ. ಎಡಗೈಯ ತೋರುಬೆರಳಿಗೆ ತುದಿಯಿಲ್ಲ. ದಾರ ಅಲ್ಲಿ ನಿಲ್ಲದೆ ಜಾರಿತು. ಮತ್ತೆ ಸುತ್ತಿದ, ಮತ್ತೆ ಜಾರಿತು. ಈ ಬೆರಳಿನ ಮೇಲೆ ಅವನಿಗೆ ಹಳೆಯ ಸಿಟ್ಟು. ಸಾಹೇಬ ಕಳಿಸಿದ ಪೆಟ್ಟಿಗೆಯೊಂದರ ತಗಡಿನ ಪಟ್ಟಿ ಬಿಚ್ಚುವಾಗ ಅದು ಸಿಡಿದು ತುದಿ ಹಾರಿಹೋಗಿತ್ತು. ರಕ್ತ ಸುರಿಯುತ್ತಿದ್ದ ಬೆರಳಿಗೆ ರಾಯರೇ ಸ್ಪಿರಿಟ್ ಹೊಯ್ದಿದ್ದರು, ಉರಿಗೆ ಅವನು ಕುಣಿದಿದ್ದ. ಆಗ ಅವರು ಅದೇ ಪೆಟ್ಟಿಗೆಯಿಂದ ತೆಗೆದ ಭರಣಿಯನ್ನು ಮುಖದ ಮುಂದೆ ಹಿಡಿದು, ‘ನೋಡಿಲ್ಲೆ, ಇದರವು ಎರಡು ತೋಳ ಹರದು ಹ್ಯಾಂಗ ಚಿಗತಾವ. ನೀನೂ ತಣ್ಣೀರಾಗ ಕೂಡು, ಚಿಗೀತದ’ ಎಂದಿದ್ದರು. ಗಾಜಿನೊಳಗೆ ಮೂರು ತೋಳು ಉದ್ದ, ಎರಡು ಅವರೆಯ ಮೊಳಕೆಯಷ್ಟು. ಉಡಚಪ್ಪನ ಕೈಯಲ್ಲಿ ದಾರ ನಿಂತಿತು. ಅದು ತಮ್ಮನ ಮದುವೆಯ ವರ್ಷ. ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಅಕ್ಕಿಕಾಳು ಹಾಕಿದ್ದ. ಲಗ್ನಪತ್ರಿಕೆಯನ್ನು ಅವನೇ ಬರೆದದ್ದು: ಇಪ್ಪತ್ತೊಂಬತ್ತನೇ ಇಸವಿ. ಆ ಮೊಳಕೆ ತೋಳಿನದು ಈಗ ಯಾವ ಭರಣಿಯಲ್ಲಿದೆ ಎಂಬುದೂ ಅವನಿಗೆ ಗೊತ್ತು. ಹೋದ ಶನಿವಾರ ಸ್ಪಿರಿಟ್ ಹೊಯ್ಯುವಾಗ ಕಣ್ಣಿಗೆ ಬಿದ್ದಿತ್ತು. ಮೂವತ್ತಮೂರು. ತಾನೇ ಅಂಟಿಸಿದ ಚೀಟಿ. ಅಂದಾಜು ಖರೆಯೂ ಇರಬಹುದು ಎಂಬ ಮಾತು ಅವನ ಕೆಳಗಿನಿಂದ ಸರಿದುಹೋಯಿತು. ಗಂಟು ಕಟ್ಟದೆ, ಕಟ್ಟನ್ನು ಎದೆಗವಚಿಕೊಂಡು, ಅವನು ಗುಡ್ಡ ಹತ್ತತೊಡಗಿದ.

ರಾಯರು ಕಿಟಕಿಯ ಹತ್ತಿರ ನಿಂತಿದ್ದರು. ‘ಇಷ್ಟು ಲಗೂ ಬಂದ್ಯಾ? ಎಲ್ಲೆದ ರಸೀದಿ?’

‘ಹಾಕಿಲ್ರಿ.’

‘ಯಾಕ, ಕಾರಕೂನ ಇರಲಿಲ್ಲೇನು?’

‘ಚೀಟಿ ನಾ ಹಚ್ಚೇನ್ರಿ. ಒಂಬತ್ತೂ. ಖಂಡೇಪೂಜಿಗೆ ತೊಳಿಯಾಕ ಇಟ್ಟಿದ್ದೆ, ಎಲ್ಲಾ ಬಿಚ್ಚಿ ಬಂದ್ವು. ಯಾವುದು ಯಾವುದರದು ಗೊತ್ತಾಗಲಿಲ್ಲ. ಸಣ್ಣದಕ್ಕ ಹಳೇ ಇಸವಿ, ದೊಡ್ಡದಕ್ಕ ಹೊಸಾದು, ಹಂಗ ಹಚ್ಚಿಬಿಟ್ಟೆ.’

ರಾಯರು ಅವನನ್ನು ನೋಡಿದರು. ಆಮೇಲೆ ನಕ್ಕರು. ‘ಹದಿನೈದು ವರ್ಷ ಬಾಗಲದಾಗ ನಿಂತು ಪಾಠಾ ಕೇಳಿದ್ದು ನೆತ್ತಿಗೇರೇದ ನಿನಗ. ಇದರಾಗ ನಿಂದೂ ಒಂದು ಪಾಲು ಬೇಕೇನು? ನಾಳೆ ಮ್ಯಾಲಿನ ಚುಕ್ಕೀನೂ ನಾನಽ ಹಚ್ಚೇನಿ ಅಂತೀ.’

ಎರಡು ತಿಂಗಳು ಬಾರದ ಸಿಟ್ಟು ಬಂತು. ಉಡಚಪ್ಪ ಕಟ್ಟನ್ನು ಮೇಜಿನ ಮೇಲೆ ಬಡಿದ. ‘ರಾಯರ, ನಾ ಎತ್ತು ಹೊಡಿಯಾವ ಖರೇ, ಸುಳ್ಳ ಹೇಳಾವಲ್ಲ!’ ಅಂದ ಕೂಡಲೇ ಅದೂ ಸುಳ್ಳೆಂದು ತಿಳಿದು ಅವನ ದನಿ ಒಡೆಯಿತು. ಮೊಂಡ ಬೆರಳನ್ನು ಮುಂದೆ ಚಾಚಿದ. ‘ಈ ಬೆರಳ ತುದಿ ಹಾರಿದ ವರ್ಷ ಯಾವುದು ಹೇಳ್ರಿ. ಆವತ್ತಿನ ಭರಣ್ಯಾಗ ಮೊಳಕಿ ತೋಳಿಂದು ಇತ್ತೋ ಇಲ್ಲೋ? ಈಗ ಅದು ಯಾವುದರಾಗ ಐತಿ, ನೋಡ್ರಿ.’

ರಾಯರು ನೋಡಲಿಲ್ಲ. ಕಪಾಟಿನಿಂದ ಆವಕ ದಫ್ತರ ತೆಗೆದರು. ಬಂದ ಪ್ರತಿ ವಸ್ತುವಿಗೂ ಅವರು ಅದರಲ್ಲಿ ತಮ್ಮ ಕೈಯಾರೆ ಎರಡು ಸಾಲು ಬರೆದಿಡುತ್ತಿದ್ದರು. ಇಪ್ಪತ್ತೊಂಬತ್ತರ ಪುಟದಲ್ಲಿ ಬೆರಳು ನಿಂತಿತು. ಆಮೇಲೆ ಅವರು ಮೂವತ್ತಮೂರರ ಭರಣಿಯನ್ನು ಇಳಿಸಿ ಬೆಳಕಿಗೆ ಹಿಡಿದರು, ಕೆಳಗಿಟ್ಟರು, ಮತ್ತೆ ಹಿಡಿದರು. ಹೊರಗೆ ಯಾರೋ ಹುಡುಗರು ಚೆಂಡಿಗಾಗಿ ಜಗಳಾಡುತ್ತಿದ್ದರು. ‘ಇಪ್ಪತ್ತೊಂಬತ್ತು’ ಎಂದರು. ‘ಇದು ಇಪ್ಪತ್ತೊಂಬತ್ತು.’ ಒಮ್ಮೆಲೇ ಭೂತಗನ್ನಡಿ ಎಳೆದುಕೊಂಡು ಬೇರೆ ಭರಣಿಯೊಂದರಿಂದ ಸಣ್ಣ ಜೀವವೊಂದನ್ನು ಎತ್ತಿ ಅದರ ಬಾಯಿ ನೋಡಿದರು, ಇನ್ನೊಂದನ್ನು ಎತ್ತಿದರು. ‘ಉಡಚಪ್ಪ, ನೀ ಹಚ್ಚಿದ ಸಾಲಿನಾಗ ಈ ಇಪ್ಪತ್ತೊಂಬತ್ತಕ್ಕಿಂತ ದೊಡ್ಡವು ಇರೂದು ಒಂದಽ ಭರಣ್ಯಾಗ. ಅಂದಮ್ಯಾಲೆ ಇದರ ಮುಂದಿನ ಐದು ವರ್ಷದಾಗ ನಾಕಾದರೂ ಇದಕ್ಕಿಂತ ಸಣ್ಣವು. ಇಲ್ಲೆ ನೋಡು, ಹಲ್ಲು ಸವದಾವ. ಮರಿ ಅಲ್ಲೋ ಇವು, ಮುದುಕರು! ಬೆಳೀಲಿಲ್ಲ ಇವು. ನೀರು ಬದಲಾತು, ತಿನ್ನಲಿಕ್ಕೆ ಸಿಗಲಿಲ್ಲ, ಆದರ ಸಾಯಲಿಲ್ಲ. ತಮ್ಮ ಮೈ ತಾವ ಕರಗಿಸಿಕೊಂಡು ಸಣ್ಣ ಆದವು. ಸಣ್ಣ ಆಗಿ ಬದುಕಿದವು. ಇದನ್ನ ಯಾರು ಕಂಡಿದ್ದರು? ನಾ ಬರದದ್ದು ಇದರ ಮುಂದ ಏನೂ ಅಲ್ಲ!’ ಅವರ ಕಣ್ಣು ಹೊಳೆಯುತ್ತಿದ್ದವು. ಹೆಗಲು ಅಲ್ಲಾಡಿಸಿದ ದಿನಕ್ಕಿಂತ ಹೆಚ್ಚು ಹೊಳೆಯುತ್ತಿದ್ದವು. ಉಡಚಪ್ಪನೂ ಒಂದು ಗಳಿಗೆ ತನ್ನ ತಪ್ಪು ಮರೆತು ಬಗ್ಗಿ ಆ ಸವೆದ ಹಲ್ಲುಗಳನ್ನು ನೋಡಿದ.

‘ಉಳಿದ ಎಂಟು?’ ಎಂದು ಕೇಳಿದರು ರಾಯರು. ‘ಯಾವುದಾದರೂ ಒಂದು ಗುರುತು? ಮುಚ್ಚಳದ್ದು, ಮೇಣದ್ದು, ಏನಾದರೂ?’

‘ಇಲ್ರಿ.’

‘ನೆನಪ ಮಾಡಕೋ.’

‘ಎಲ್ಲಾ ಒಂದಽ ಥರಾ ಅದಾವ್ರಿ. ಗೊತ್ತಿಲ್ರಿ.’

ರಾಯರು ದಫ್ತರದ ಪುಟಗಳನ್ನು ಒಂದೊಂದೇ ಮಗುಚಿದರು. ಉಳಿದ ವರ್ಷಗಳ ಎದುರು ಬರೆದದ್ದು ‘ಸುಸ್ಥಿತಿಯಲ್ಲಿ ಬಂದಿದೆ’ ಎಂದಷ್ಟೇ. ಅವರು ಚಿಮಟದಲ್ಲಿದ್ದುದನ್ನು ಮರಳಿ ಸ್ಪಿರಿಟ್ಟಿಗೆ ಬಿಟ್ಟರು. ಅದು ನಿಧಾನವಾಗಿ ತಿರುಗುತ್ತ ತಳಕ್ಕೆ ಹೋಗಿ ಕೂತಿತು. ಕುರ್ಚಿಯಲ್ಲಿ ಕೂತರು. ಉಡಚಪ್ಪ ಕಾದ. ಈಗ ಬಯ್ಯುತ್ತಾರೆ. ಈಗ ಭರಣಿ ಎತ್ತಿ ತನ್ನ ತಲೆಗೆ ಒಗೆಯುತ್ತಾರೆ. ಒಗೆದರೆ ಸರಿಯುವುದಿಲ್ಲ ಎಂದು ಅವನು ಕಾಲು ಗಟ್ಟಿ ಊರಿದ. ರಾಯರು ಗಡಿಯಾರ ನೋಡಿದರು.

‘ಮೂರುವರಿ ಆತು. ಲಗೂ ನಡದರ ಸಿಕ್ಕೀತು.’

‘ಏನ್ರಿ?’

‘ಖಿಡಕಿ. ಗಂಟು ಸಡಲಾಗೇದ ನೋಡು, ತಾ ಇಲ್ಲೆ.’ ಅವರೇ ದಾರ ಬಿಗಿದರು. ಚೆನ್ನಾಗಿ ಬಿಗಿದರು.

‘ರಾಯರ, ಬಯ್ರಿ ನನಗ. ಒಂದು ಮಾತರ ಅನ್ರಿ.’

‘ಬೈದರ ಎಂಟು ಭರಣಿ ಮಾತಾಡತಾವೇನು?’ ಅವರು ಕಟ್ಟನ್ನು ಅವನತ್ತ ನೂಕಿದರು. ‘ಊರಿಗೆಲ್ಲಾ ಹೇಳೇನಿ. ಮನ್ಯಾಗ ಆಕಿ ಅರಿಷಿಣಾ ಹಚ್ಯಾಳ. ನನಗ ಮತ್ತ ಒಂಬತ್ತು ವರ್ಷ ಎಲ್ಲೆ ಅವ? ನಡಿ.’

ಅವನು ಓಡುತ್ತಲೇ ಇಳಿದ. ಯಾಕೆ ಓಡುತ್ತಿದ್ದೇನೆ, ತಡವಾದರೆ ಒಳ್ಳೆಯದಲ್ಲವೇ ಎಂಬ ಯೋಚನೆ ಅಂಚೆಮನೆಯ ಮೆಟ್ಟಿಲು ಹತ್ತಿದ ಮೇಲೆ ಬಂತು. ಕಾರಕೂನ ಬಂದೇನವಾಜ ಕಿಟಕಿ ಅರ್ಧ ಎಳೆದಿದ್ದವನು ಅವನ ಏದುಸಿರು ನೋಡಿ ತೆರೆದ. ‘ಬರ್ರಿ ಬರ್ರಿ, ಹುಲಿ ಬೆನ್ನ ಹತ್ತೇತೇನು? ಇಷ್ಟು ಭಾರ ಏನೈತಿ ಇದರಾಗ?’ ಉಡಚಪ್ಪ ಕಟ್ಟನ್ನು ಒಳಗೆ ನೂಕಿದ. ‘ಕಾಗದ’ ಎಂದ. ಬಂದೇನವಾಜ ತೂಗಿ, ಅಂಟಿಸಿ, ಎರಡು ಸಲ ಠಸ್ಸೆ ಹೊಡೆದು, ಹಿಂದಿನ ಬುಟ್ಟಿಗೆ ಎಸೆದ. ಮೆತ್ತಗೆ ಸದ್ದಾಯಿತು. ಅಷ್ಟೆ.

ಮರಳಿ ಬಂದಾಗ ರಾಯರು ಮನೆಗೆ ಹೋಗಿದ್ದರು. ಕೋಣೆಯ ಬಾಗಿಲು ಚಿಲಕ ಹಾಕದೆ ಬರೀ ಮುಂದೆ ಮಾಡಿತ್ತು. ಸಂಜೆಯ ಬಿಸಿಲು ಒಂಬತ್ತು ಭರಣಿಗಳ ಮೇಲೆ ಬಿದ್ದಿತ್ತು. ಮೂವತ್ತಮೂರು ತನ್ನ ಜಾಗಕ್ಕೆ, ಮೂವತ್ತೆರಡು ಮತ್ತು ಮೂವತ್ತನಾಲ್ಕರ ನಡುವೆ, ಮರಳಿ ಹೋಗಿತ್ತು. ಮೇಜಿನ ಮೇಲೆ ದಫ್ತರ ತೆರೆದೇ ಇತ್ತು. ಅದನ್ನು ಕಪಾಟಿಗೆ ಇಡಲೆಂದು ಹೋದವನು ಪುಟ ನೋಡಿದ. ಇಪ್ಪತ್ತೊಂಬತ್ತನೇ ಇಸವಿಯ ಎದುರು ‘ಒಂದರಲ್ಲಿ ಎರಡು ತೋಳುಗಳು ಹೊಸದಾಗಿ ಬೆಳೆಯುತ್ತಿವೆ’ ಎಂಬ ಸಾಲಿನ ಮೇಲೆ ಲೇಖನಿ ಹೋಗಿತ್ತು, ಬಂದಿತ್ತು, ಮತ್ತೆ ಹೋಗಿತ್ತು. ಅಕ್ಷರ ಒಂದೂ ಕಾಣುತ್ತಿರಲಿಲ್ಲ. ಅದರ ಕೆಳಗೆ ಅದೇ ನೀಟಾದ ಕೈಯಲ್ಲಿ: ‘ಸುಸ್ಥಿತಿಯಲ್ಲಿ ಬಂದಿದೆ.’ ಶಾಯಿ ಇನ್ನೂ ಹಸಿಯಿತ್ತು, ಬಿಸಿಲಿಗೆ ಮಿನುಗುತ್ತಿತ್ತು. ಹೀಗೇ ಮುಚ್ಚಿದರೆ ಎದುರಿನ ಪುಟಕ್ಕೆ ಮೆತ್ತಿಕೊಂಡು ಯಾರಿಗಾದರೂ ಗೊತ್ತಾಗುತ್ತದೆ. ಉಡಚಪ್ಪ ಓಡಿ ನೊಂದ ಸೊಂಟಕ್ಕೆ ಒಂದು ಕೈ ಕೊಟ್ಟು ಬಗ್ಗಿ, ಖಾನೆಯಿಂದ ಒತ್ತುಕಾಗದ ತೆಗೆದು ಅದರ ಮೇಲಿಟ್ಟ. ಅಂಗೈಯಿಂದ ನಾಲ್ಕು ಮೂಲೆಗೂ ಸಮನಾಗಿ ಒತ್ತಿ, ಶಾಯಿ ಪೂರಾ ಹೀರುವ ತನಕ ಹಿಡಿದುಕೊಂಡು ನಿಂತ.